ಡೆವಲಪರ್‌ಗಳು ಲಕ್ಷ ಲಕ್ಷ, ನೀರುಗಂಟಿಗಳು ಒಬ್ಬಿಬ್ಬರು

2025ರ ಅಕ್ಟೋಬರ್ ಕೊನೆಯಲ್ಲಿ, ಡೆವಲಪರ್‌ಗಳು ಕೋಡ್ ಇಟ್ಟು ಹಂಚಿಕೊಳ್ಳುವ ಜಾಲತಾಣ ಗಿಟ್‌ಹಬ್ ತನ್ನ ವಾರ್ಷಿಕ ವರದಿ ಹೊರತಂದಿತು. ಒಂದೇ ವರ್ಷದಲ್ಲಿ ಭಾರತದಿಂದ 50 ಲಕ್ಷಕ್ಕೂ ಹೆಚ್ಚು ಡೆವಲಪರ್‌ಗಳು ಹೊಸದಾಗಿ ಖಾತೆ ತೆರೆದಿದ್ದಾರೆ ಎಂದು ಅದು ಹೇಳಿತು. ಇದಾಗಿ ಸುಮಾರು ಎರಡು ವಾರಕ್ಕೆ, ನವೆಂಬರ್‌ನಲ್ಲಿ, ಕ್ಲೌಡ್‌ನಲ್ಲಿ ತಂತ್ರಾಂಶ ಓಡಿಸಲು ಬಳಸುವ ಕುಬರ್ನೆಟೀಸ್ ಎಂಬ ವ್ಯವಸ್ಥೆಯ ಸಮುದಾಯದಿಂದ ಇನ್ನೊಂದು ಸುದ್ದಿ ಬಂತು. ಇನ್‌ಗ್ರೆಸ್ ಎನ್‌ಜಿನ್‌ಎಕ್ಸ್ ಎಂಬ ಓಪನ್ ಸೋರ್ಸ್ ತಂತ್ರಾಂಶವನ್ನು 2026ರ ಮಾರ್ಚ್‌ವರೆಗೆ ಕೈಲಾದಷ್ಟು ನೋಡಿಕೊಂಡು, ಆಮೇಲೆ ಕೈಬಿಡುತ್ತೇವೆ ಎಂಬ ಪ್ರಕಟಣೆ ಅದು.

ಕ್ಲೌಡ್ ಕೆಲಸ ಮಾಡದವರಿಗೆ ಈ ಹೆಸರು ಹೊಸದು. ದೊಡ್ಡ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕೂತ ಸೆಕ್ಯುರಿಟಿಯವರು ಬಂದವರನ್ನು ಯಾವ ಬ್ಲಾಕಿಗೆ, ಯಾವ ಮನೆಗೆ ಎಂದು ಕೇಳಿ ಕಳಿಸುತ್ತಾರಲ್ಲ, ಇದರ ಕೆಲಸವೂ ಅಷ್ಟೇ. ಆ್ಯಪ್ ಅಥವಾ ವೆಬ್‌ಸೈಟಿಗೆ ಬರುವ ಕೋರಿಕೆಗಳನ್ನು ಒಳಗಿನ ಸರಿಯಾದ ಸೇವೆಗೆ ತಲುಪಿಸುತ್ತದೆ. ಬೆಂಗಳೂರಿನ ಹೊರವರ್ತುಲ ರಸ್ತೆಯುದ್ದಕ್ಕೂ ಇರುವ ಕಚೇರಿಗಳಲ್ಲಿ ಇದನ್ನು ಬಳಸಿದ ತಂಡಗಳು ಹೇರಳ. ಇಂಥದ್ದನ್ನು ಕೈಬಿಡಲು ನಿರ್ಧರಿಸಿದ್ದು ಹಳತಾಯಿತೆಂದಲ್ಲ, ಬೇಡಿಕೆ ಕುಸಿಯಿತೆಂದೂ ಅಲ್ಲ. ವರ್ಷಗಟ್ಟಲೆ ಒಬ್ಬರೋ ಇಬ್ಬರೋ ಆಫೀಸು ಮುಗಿದ ಮೇಲೆ, ಶನಿವಾರ ಭಾನುವಾರ, ತಮ್ಮ ಬಿಡುವಿನಲ್ಲಿ ಇದನ್ನು ನೋಡಿಕೊಳ್ಳುತ್ತಿದ್ದರು. 2025ರ ಮಾರ್ಚ್‌ನಲ್ಲಿ ಇದರಲ್ಲೊಂದು ಭಾರೀ ಭದ್ರತಾ ದೋಷ ಸಿಕ್ಕಿ, ಅದರ ಗಂಭೀರತೆಗೆ 10ಕ್ಕೆ 9.8 ಅಂಕ ಬಿದ್ದಿತ್ತು. ಸಹಾಯಕ್ಕೆ ಕರೆ ಕೊಟ್ಟರೂ ಸಾಕಷ್ಟು ಜನ ಬರಲಿಲ್ಲ.

ಲಕ್ಷಾಂತರ ಡೆವಲಪರ್‌ಗಳು ಸೇರುತ್ತಿರುವಾಗಲೇ ಹೀಗೆ ಕೈಗಳ ಕೊರತೆ ಬಂದದ್ದು ಹೇಗೆ?

ತೂಬು ಎತ್ತುವವರು

ಬೆಂಗಳೂರು ಸೀಮೆಯ ಹಳೆಯ ಏರ್ಪಾಟನ್ನು ನೆನೆದರೆ ಇದು ಬೇಗ ಅರ್ಥವಾಗುತ್ತದೆ. ಕೆರೆ ಊರಿನ ಸ್ವತ್ತು, ನೀರು ಎಲ್ಲರಿಗೂ ಬೇಕು. ಆದರೆ ತೂಬು ಯಾವಾಗ ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು ಎಂದು ನೋಡಲು ನೀರುಗಂಟಿ ಇರುತ್ತಿದ್ದ. ಸುಗ್ಗಿಯಲ್ಲಿ ಊರು ಅವನಿಗೆ ಕಾಳು ಅಳೆದು ಕೊಡುತ್ತಿತ್ತು. ಹೂಳೆತ್ತಲು ಊರಿನವರು ಕೈ ಸೇರಿಸುತ್ತಿದ್ದರು.

ಓಪನ್ ಸೋರ್ಸ್ ಎಂದರೆ ಕೋಡನ್ನು ಯಾರು ಬೇಕಾದರೂ ಓದಬಹುದು, ಬಳಸಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು ಎಂದು ಲೈಸೆನ್ಸಿನಲ್ಲೇ ಬರೆದುಕೊಟ್ಟ ತಂತ್ರಾಂಶ. 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಗ್ನೂ ಯೋಜನೆ ಪ್ರಕಟಿಸಿದರು, 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಹೊರತಂದರು, ‘ಓಪನ್ ಸೋರ್ಸ್’ ಎಂಬ ಹೆಸರು ಚಾಲ್ತಿಗೆ ಬಂದದ್ದು 1998ರಲ್ಲಿ. ಕೆರೆಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಎಷ್ಟು ಜನ ಬಳಸಿದರೂ ಕೋಡ್ ಬತ್ತುವುದಿಲ್ಲ. ಹೂಳು ಮಾತ್ರ ತುಂಬುತ್ತದೆ.

ಬರೆದಿಟ್ಟ ಕೋಡಿಗೆ ಹೂಳು ಎಲ್ಲಿಂದ? ಒಂದಕ್ಷರ ಬದಲಾಗದಿದ್ದರೂ ಅದರ ಸುತ್ತಲಿನದೆಲ್ಲ ಬದಲಾಗುತ್ತದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಹೊಸ ಆವೃತ್ತಿ ಬರುತ್ತದೆ, ಆಪರೇಟಿಂಗ್ ಸಿಸ್ಟಂ ಹಳೆಯ ಸೌಲಭ್ಯವೊಂದನ್ನು ಕಿತ್ತುಹಾಕುತ್ತದೆ, ನಿನ್ನೆವರೆಗೆ ಯಾರಿಗೂ ಹೊಳೆಯದ ದಾಳಿಯ ದಾರಿ ಇವತ್ತು ಕಾಣುತ್ತದೆ. ಬಳಸುವವರು ಹೆಚ್ಚಿದಂತೆ ದೂರು, ಕೋರಿಕೆ, ಪ್ರಶ್ನೆಗಳೂ ಹೆಚ್ಚುತ್ತವೆ. ಇದೆಲ್ಲವನ್ನೂ ಓದಿ, ಯಾವುದನ್ನು ಸೇರಿಸಬೇಕು, ಯಾವುದಕ್ಕೆ ‘ಬೇಡ’ ಎನ್ನಬೇಕು ಎಂದು ನಿರ್ಧರಿಸುವವರೇ ಮೇಂಟೇನರ್‌ಗಳು. ಕೊರತೆ ಇರುವುದು ಇವರದು. ಗಿಟ್‌ಹಬ್ ಎಣಿಸಿದ್ದು ಖಾತೆಗಳನ್ನು.

ಟಿ-ಶರ್ಟಿನ ಪಾಠ

ಈ ಅಂತರ ಮುಜುಗರವಾಗುವ ಹಾಗೆ ಬಯಲಾದದ್ದು 2020ರ ಅಕ್ಟೋಬರಿನಲ್ಲಿ. ಹ್ಯಾಕ್ಟೋಬರ್‌ಫೆಸ್ಟ್ ಎಂಬ ವಾರ್ಷಿಕ ಕಾರ್ಯಕ್ರಮದಲ್ಲಿ ನಾಲ್ಕು ಪುಲ್ ರಿಕ್ವೆಸ್ಟ್ (ನನ್ನ ತಿದ್ದುಪಡಿಯನ್ನು ಕೋಡಿಗೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಳಿಸಿದವರಿಗೆ ಟಿ-ಶರ್ಟ್ ಸಿಗುತ್ತಿತ್ತು. ಇದನ್ನು ಸುಲಭವಾಗಿ ಪಡೆಯುವುದು ಹೇಗೆಂದು ತೋರಿಸುವ ಯೂಟ್ಯೂಬ್ ವಿಡಿಯೊವೊಂದು ನಮ್ಮ ಕಾಲೇಜು ಹುಡುಗರ ನಡುವೆ ಹರಿದಾಡಿತು. ವಿವರಣೆಯ ಪುಟಕ್ಕೆ ‘ಅದ್ಭುತ ಯೋಜನೆ’ ಎಂದು ಎರಡು ಪದ ಸೇರಿಸಿದ ಸಾವಿರಾರು ಪುಲ್ ರಿಕ್ವೆಸ್ಟ್‌ಗಳು ಮೇಂಟೇನರ್‌ಗಳ ಮೇಲೆ ಮಳೆಯಂತೆ ಸುರಿದವು. ಆಯೋಜಕರು ಅದೇ ತಿಂಗಳು ನಿಯಮ ಬದಲಿಸಿ, ಒಪ್ಪಿಗೆ ಕೊಟ್ಟ ಯೋಜನೆಗಳಿಗಷ್ಟೇ ಇದು ಅನ್ವಯ ಎಂದರು.

ಹುಡುಗರನ್ನು ಬೈದು ಪ್ರಯೋಜನವಿಲ್ಲ. ರೆಸ್ಯೂಮೆಯಲ್ಲಿ ಗಿಟ್‌ಹಬ್ ಕೊಂಡಿ ಇರಲೇಬೇಕು, ದಿನದಿನದ ಕೆಲಸ ತೋರಿಸುವ ಅಲ್ಲಿನ ಹಸಿರು ಚೌಕಗಳು ತುಂಬಿರಬೇಕು ಎಂದು ಅವರಿಗೆ ಹೇಳಿಕೊಟ್ಟದ್ದು ಉದ್ಯೋಗ ಮಾರುಕಟ್ಟೆಯೇ. ಎಣಿಕೆಗೆ ಬೆಲೆ ಕಟ್ಟಿದರೆ ಸಿಗುವುದೂ ಎಣಿಕೆಯೇ.

ನಿಜವಾದ ಭಾರ ಹೊರುತ್ತಿರುವವರು ಎಷ್ಟು ಮಂದಿ ಎಂಬುದಕ್ಕೆ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ 2024ರಲ್ಲಿ ಪ್ರಕಟಿಸಿದ ಅಧ್ಯಯನ ಒಂದು ಅಂದಾಜು ಕೊಡುತ್ತದೆ. ಓಪನ್ ಸೋರ್ಸ್ ಎಂಬುದೇ ಇಲ್ಲದೆ ಪ್ರತಿ ಕಂಪನಿಯೂ ತನಗೆ ಬೇಕಾದ್ದನ್ನು ತಾನೇ ಬರೆಸಿಕೊಳ್ಳಬೇಕಾಗಿದ್ದರೆ ಆಗುತ್ತಿದ್ದ ಖರ್ಚು 8.8 ಲಕ್ಷ ಕೋಟಿ ಡಾಲರ್. ಆ ಮೌಲ್ಯದ ಶೇ 96ರಷ್ಟನ್ನು ಸೃಷ್ಟಿಸಿದವರು ಶೇ 5ರಷ್ಟು ಡೆವಲಪರ್‌ಗಳು. ಈ ಶೇ 5ರಲ್ಲಿ ಬೆಂಗಳೂರಿನವರು ಎಷ್ಟು ಮಂದಿ ಎಂದು ಕೇಳಬೇಕಾದ ಕಾಲ ಇದು.

ತೂಬು ಒಡೆದಾಗ

ಮೇಂಟೇನರ್‌ಗಳು ಸುಸ್ತಾದರೆ ಏನಾಗುತ್ತದೆ ಎಂಬುದು ಊಹೆಯ ವಿಷಯವಲ್ಲ. 2014ರಲ್ಲಿ ಓಪನ್‌ಎಸ್‌ಎಸ್‌ಎಲ್‌ನ ‘ಹಾರ್ಟ್‌ಬ್ಲೀಡ್’ ದೋಷ ಬಯಲಾದಾಗ, ಜಗತ್ತಿನ ಬ್ಯಾಂಕು, ಇಮೇಲ್‌ಗಳ ಗುಟ್ಟು ಕಾಯುವ ಆ ತಂತ್ರಾಂಶ ಬೆರಳೆಣಿಕೆಯ ಜನರ ಮೇಲೆ ನಿಂತಿದೆ ಎಂದು ತಿಳಿಯಿತು. 2021ರ ಡಿಸೆಂಬರ್‌ನಲ್ಲಿ, ತಂತ್ರಾಂಶಗಳ ಆಗುಹೋಗು ದಾಖಲಿಸುವ ಲಾಗ್‌ಫೋರ್‌ಜೆಯಲ್ಲಿ ದೋಷ ಬಂದಾಗಲೂ ಅದೇ ಕಥೆ.

2024ರ ಮಾರ್ಚ್‌ನ ಎಕ್ಸ್‌ಝಡ್ ಪ್ರಕರಣ ಇವೆರಡಕ್ಕಿಂತ ಭಯಾನಕ. ಕಡತಗಳನ್ನು ಸಂಕುಚಿಸುವ ಈ ಪುಟ್ಟ ಉಪಕರಣವನ್ನು ಬಹುಕಾಲ ಒಬ್ಬರೇ ನೋಡಿಕೊಳ್ಳುತ್ತಿದ್ದರು, ದಣಿದಿದ್ದರು. ‘ಜಿಯಾ ಟಾನ್’ ಎಂಬ ಹೆಸರಿನಲ್ಲಿ ಬಂದ ಯಾರೋ ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೊಳ್ಳೆಯ ಪ್ಯಾಚ್ (ತಿದ್ದುಪಡಿಯ ಕೋಡ್) ಕಳಿಸಿ ವಿಶ್ವಾಸ ಗಳಿಸಿದರು. ಇತ್ತ ಬೇರೆ ಬೇರೆ ಹೆಸರುಗಳಿಂದ ‘ಕೆಲಸ ನಿಧಾನ, ಇನ್ನೊಬ್ಬರಿಗೆ ಅಧಿಕಾರ ಕೊಡಿ’ ಎಂಬ ಒತ್ತಡವೂ ಬಂತು. ಕೊನೆಗೆ ಅಧಿಕಾರ ಸಿಕ್ಕಿತು, ಗುಟ್ಟಾಗಿ ಒಳನುಗ್ಗಲು ಹಿಂಬಾಗಿಲೊಂದು ಕೋಡಿನಲ್ಲಿ ಸೇರಿಕೊಂಡಿತು. ಹಿಡಿದದ್ದು ಆಂಡ್ರೆಸ್ ಫ್ರಾಯಿಂಡ್ ಎಂಬ ಮೈಕ್ರೋಸಾಫ್ಟ್ ಎಂಜಿನಿಯರ್. ತಮ್ಮ ಯಂತ್ರದಲ್ಲಿ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿರುವುದನ್ನು ಗಮನಿಸಿ ಅವರು ಅದರ ಬೆನ್ನುಹತ್ತಿದರು.

ಇದನ್ನೇ ತೋರಿಸಿ ‘ಓಪನ್ ಸೋರ್ಸ್ ಅಪಾಯಕಾರಿ’ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಅರ್ಧ ಹುರುಳಿದೆ. ಒಬ್ಬರೇ ಕಾಯುವ ತೂಬನ್ನು ಒಡೆಯುವುದು ಸುಲಭ. ಆದರೆ ಹೊರಗಿನ ಎಂಜಿನಿಯರ್ ಒಬ್ಬರು ಅನುಮಾನ ಬಂದ ಕೂಡಲೇ ಬಿಚ್ಚಿ ನೋಡಿ ಜಗತ್ತಿಗೆ ತೋರಿಸಲು ಸಾಧ್ಯವಾದದ್ದು ಎಲ್ಲ ತೆರೆದಿದ್ದರಿಂದ. ಮುಚ್ಚಿದ ಕೋಡಿನಲ್ಲಿ ಅದೇ ಅರ್ಧ ಸೆಕೆಂಡ್ ಒಂದು ಕಸ್ಟಮರ್ ಕೇರ್ ಟಿಕೆಟ್ ಆಗಿ ಕೊಳೆಯುತ್ತಿತ್ತು.

ಬೆಂಗಳೂರು ಬಳಸುವ ಊರಾಗಿ ಉಳಿದದ್ದು

ಇಷ್ಟು ಎಂಜಿನಿಯರ್‌ಗಳಿರುವ ಊರಿನಿಂದ ಮೇಂಟೇನರ್‌ಗಳು ಕಡಿಮೆ ಬಂದದ್ದಕ್ಕೆ ಸೋಮಾರಿತನ ಕಾರಣವಲ್ಲ. ಇಲ್ಲಿನ ಐಟಿ ಬೆಳೆದದ್ದು ಗ್ರಾಹಕರಿಗೆ ಗಂಟೆ ಲೆಕ್ಕದಲ್ಲಿ ಕೆಲಸ ಮಾಡಿಕೊಟ್ಟು. ಬರೆದ ಪ್ರತಿ ಸಾಲೂ ಗ್ರಾಹಕರ ಸ್ವತ್ತು. ಬಿಲ್ ಆಗದ ಗಂಟೆಗೆ ಲೆಕ್ಕವಿಲ್ಲ. ಓಪನ್ ಸೋರ್ಸ್ ಲೈಬ್ರರಿಯಲ್ಲಿ, ಅಂದರೆ ಬೇರೆ ತಂತ್ರಾಂಶಗಳು ಬಳಸಿಕೊಳ್ಳುವ ಸಿದ್ಧ ಕೋಡಿನಲ್ಲಿ, ದೋಷ ಸಿಕ್ಕರೆ ತಮ್ಮ ಪ್ರತಿಯಲ್ಲಿ ತಿದ್ದಿಕೊಂಡು ಮುಂದೆ ಹೋಗುವುದೇ ರೂಢಿಯಾಯಿತು. ಮೂಲ ಯೋಜನೆಗೆ ಕಳಿಸಲು ಯಾರ ಅನುಮತಿ ಬೇಕು ಎಂಬುದೇ ಗೊತ್ತಿರಲಿಲ್ಲ.

ಕಾನೂನೂ ಇದಕ್ಕೆ ತಕ್ಕಂತೆಯೇ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಂ ಒಂದು ಸಾಹಿತ್ಯ ಕೃತಿ. ಸೆಕ್ಷನ್ 17ರಂತೆ, ಬೇರೆ ಒಪ್ಪಂದ ಇಲ್ಲದಿದ್ದರೆ, ನೌಕರಿಯ ಭಾಗವಾಗಿ ಬರೆದದ್ದರ ಮೊದಲ ಮಾಲೀಕರು ಉದ್ಯೋಗದಾತರು. ಅನೇಕ ನೇಮಕಾತಿ ಪತ್ರಗಳು ಇದನ್ನು ಇನ್ನಷ್ಟು ಹಿಗ್ಗಿಸಿ, ಮನೆಯಲ್ಲಿ ಕೂತು ಬರೆದದ್ದನ್ನೂ ಸೇರಿಸಿಕೊಳ್ಳುವಂಥ ಮಾತು ಬಳಸುತ್ತವೆ. ಸೇರುವ ದಿನ ಆ ಪುಟ ಓದದೆ ಸಹಿ ಹಾಕಿದವರೇ ಹೆಚ್ಚು. ಹಾಗಾಗಿ ಸ್ವಂತದ ಯೋಜನೆ ಶುರುಮಾಡುವವರು ಕಂಪನಿಯ ಲ್ಯಾಪ್‌ಟಾಪ್ ಮುಟ್ಟಬಾರದು, ಕಂಪನಿಯ ವ್ಯವಹಾರಕ್ಕೆ ತಾಗುವ ವಿಷಯವಾದರೆ ಎಚ್‌ಆರ್ ಇಲ್ಲವೇ ಲೀಗಲ್‌ನಿಂದ ಲಿಖಿತ ಒಪ್ಪಿಗೆ ಪಡೆಯಬೇಕು. ಬಾಯಿಮಾತಿಗೆ ಬೆಲೆ ಇಲ್ಲ.

ಚಿತ್ರ ಬದಲಾಗುತ್ತಲೂ ಇದೆ. ಎಲೆಕ್ಟ್ರಾನಿಕ್ಸ್ ಸಿಟಿಯ ಐಐಐಟಿ-ಬೆಂಗಳೂರಿನಲ್ಲಿ 2018ರಲ್ಲಿ ಶುರುವಾದ ಮೊಸಿಪ್, ದೇಶಗಳು ತಮ್ಮ ಗುರುತಿನ ಚೀಟಿ ವ್ಯವಸ್ಥೆ ಕಟ್ಟಿಕೊಳ್ಳಲು ನೆರವಾಗುವ ಓಪನ್ ಸೋರ್ಸ್ ವೇದಿಕೆ. ಫಿಲಿಪ್ಪೀನ್ಸ್, ಮೊರಾಕ್ಕೊ ಇದನ್ನು ಬಳಸಿವೆ. 2022ರ ನವೆಂಬರ್‌ನಲ್ಲಿ ಬೀದಿಗಿಳಿದ ನಮ್ಮ ಯಾತ್ರಿ ಆ್ಯಪಿನ ಕೋಡ್ ಕೂಡ ತೆರೆದಿದೆ. ಆಟೋ ಚಾಲಕರಿಂದ ಕಮಿಷನ್ ಪಡೆಯದ ಈ ಆ್ಯಪನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದು. ಹಣದ ಕಡೆಯಿಂದ, ಷೇರು ವ್ಯವಹಾರದ ಕಂಪನಿ ಝೆರೋಧಾ 2024ರ ಅಕ್ಟೋಬರ್‌ನಲ್ಲಿ ಓಪನ್ ಸೋರ್ಸ್ ಯೋಜನೆಗಳಿಗೆ ನೆರವಾಗುವ ಫ್ಲಾಸ್ ಫಂಡ್ ಘೋಷಿಸಿತು, ವರ್ಷಕ್ಕೆ 10 ಲಕ್ಷ ಡಾಲರ್. ಅದು ಭಾರತದವರಿಗಷ್ಟೇ ಅಲ್ಲ, ಜಗತ್ತಿನ ಯಾವ ಯೋಜನೆಗಾದರೂ. ನೀರುಗಂಟಿಗೆ ಕಾಳು ಅಳೆದು ಕೊಡುವ ಪದ್ಧತಿ ಬೇರೆ ರೂಪದಲ್ಲಿ ಮರಳಿದೆ ಎನ್ನಬಹುದು, ಆದರೆ ಕಣಜಕ್ಕೆ ಹೋಲಿಸಿದರೆ ಇದು ಇನ್ನೂ ಒಂದು ಸೇರು.

‘ದೊಡ್ಡವರಿಗೆ ಪುಕ್ಕಟೆ ಚಾಕರಿ’

ಓಪನ್ ಸೋರ್ಸ್ ವಿರುದ್ಧದ ಬಲವಾದ ವಾದ ಇದು. ನಾವು ನಿದ್ದೆಗೆಟ್ಟು ಬರೆಯುವುದು, ಕೋಟ್ಯಧೀಶ ಕ್ಲೌಡ್ ಕಂಪನಿಗಳು ಅದನ್ನು ಸೇವೆಯಾಗಿ ಮಾರಿಕೊಳ್ಳುವುದು. ಇದು ಬರೀ ಗೊಣಗಾಟವಲ್ಲ, ಇದೇ ಕಾರಣ ಕೊಟ್ಟು ಹಲವು ಕಂಪನಿಗಳು ತಮ್ಮ ಲೈಸೆನ್ಸ್ ಬಿಗಿ ಮಾಡಿವೆ. ಮೊಂಗೊಡಿಬಿ 2018ರಲ್ಲಿ, ಎಲಾಸ್ಟಿಕ್ 2021ರಲ್ಲಿ, ಟೆರಾಫಾರ್ಮ್‌ನ ಹ್ಯಾಶಿಕಾರ್ಪ್ 2023ರಲ್ಲಿ, ರೆಡಿಸ್ 2024ರಲ್ಲಿ.

ನಡೆದದ್ದೇನು? ಹಳೆಯ ಲೈಸೆನ್ಸಿನಡಿ ಹೊರಬಂದ ಕೋಡನ್ನು ಯಾರೂ ವಾಪಸ್ ಪಡೆಯುವ ಹಾಗಿಲ್ಲ. ಬಳಕೆದಾರರು ಅದನ್ನೇ ಕವಲೊಡೆಸಿ ಓಪನ್‌ಸರ್ಚ್, ಓಪನ್‌ಟೋಫು, ವಾಲ್ಕಿ ಎಂಬ ಹೊಸ ಯೋಜನೆಗಳನ್ನು ಕಟ್ಟಿದರು. 2024ರಲ್ಲಿ ಎಲಾಸ್ಟಿಕ್, 2025ರಲ್ಲಿ ರೆಡಿಸ್ ಮತ್ತೆ ಎಜಿಪಿಎಲ್ ಎಂಬ ಓಪನ್ ಸೋರ್ಸ್ ಲೈಸೆನ್ಸನ್ನು ಸೇರಿಸಿಕೊಂಡವು. ಬಿಟ್ಟುಹೋದ ಬಳಕೆದಾರರೆಲ್ಲ ಅಷ್ಟಕ್ಕೇ ಹಿಂದಿರುಗಲಿಲ್ಲ, ಅದು ಬೇರೆ ಮಾತು.

ಹೊಸದಾಗಿ ಶುರುಮಾಡುವವರಿಗೆ ಇದರಲ್ಲಿ ಉತ್ತರವೂ ಇದೆ. ಪುಕ್ಕಟೆ ಚಾಕರಿ ಆಗುತ್ತದೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ಲೈಸೆನ್ಸ್ ನಿರ್ಧರಿಸುತ್ತದೆ. ಎಂಐಟಿ ಲೈಸೆನ್ಸ್ ಎಂದರೆ ‘ಹೆಸರು ಉಳಿಸಿ, ಏನಾದರೂ ಮಾಡಿಕೊಳ್ಳಿ’. ಅಪಾಚೆ 2.0 ಅದಕ್ಕೆ ಪೇಟೆಂಟ್ ರಕ್ಷಣೆ ಸೇರಿಸುತ್ತದೆ. ಜಿಪಿಎಲ್‌ನಲ್ಲಿ, ತಿದ್ದಿ ಹಂಚುವವರು ತಮ್ಮ ತಿದ್ದುಪಡಿಯನ್ನೂ ತೆರೆಯಬೇಕು. ಸರ್ವರ್‌ನಲ್ಲಿಟ್ಟು ಸೇವೆಯಾಗಿ ಕೊಡುವವರಿಗೂ ಎಜಿಪಿಎಲ್ ಅದೇ ಹೊಣೆ ಹೊರಿಸುತ್ತದೆ. ಲೈಸೆನ್ಸ್ ಕಡತವನ್ನೇ ಇಡದೆ ಕೋಡ್ ಹಾಕಿಬಿಟ್ಟರೆ? ಅನೇಕರು ಅದನ್ನು ‘ಎಲ್ಲರಿಗೂ ಮುಕ್ತ’ ಎಂದುಕೊಳ್ಳುತ್ತಾರೆ. ಕಾನೂನಿನ ಕಣ್ಣಿಗೆ ಅದು ತದ್ವಿರುದ್ಧ, ಎಲ್ಲ ಹಕ್ಕೂ ಬರೆದವರದೇ, ಬಳಸಲು ಯಾರಿಗೂ ಅನುಮತಿ ಇಲ್ಲ. ಕಾಲೇಜು ಪ್ರಾಜೆಕ್ಟುಗಳ ದೊಡ್ಡ ರಾಶಿಯೊಂದು ಹೀಗೆ ಯಾರ ಕೈಗೂ ಹತ್ತದೆ ಬಿದ್ದಿದೆ.

ಎಐ ಬಂದ ಮೇಲೂ?

ಈಗಿನ ದೊಡ್ಡ ಗೊಂದಲ ಇದು. ಚಾಟ್‌ಬಾಟ್ ಕೇಳಿದ ಕೂಡಲೇ ಕೋಡ್ ಬರೆದುಕೊಡುವಾಗ ಲೈಬ್ರರಿ ಬರೆದು ಹಂಚುವುದೇಕೆ? ನಾವು ಹಂಚಿದ್ದನ್ನೇ ತಿಂದು ಅದು ಬೆಳೆಯುವುದಿಲ್ಲವೇ?

ಆತಂಕ ಸುಳ್ಳಲ್ಲ. 2026ರ ಜನವರಿಯಲ್ಲಿ, ವೆಬ್‌ಪುಟಗಳ ವಿನ್ಯಾಸಕ್ಕೆ ಬಳಸುವ ಓಪನ್ ಸೋರ್ಸ್ ತಂತ್ರಾಂಶ ಮಾಡುವ ಟೈಲ್‌ವಿಂಡ್ ಕಂಪನಿ ತನ್ನ ಎಂಜಿನಿಯರಿಂಗ್ ತಂಡದ ಶೇ 75ರಷ್ಟು ಜನರನ್ನು ಕೈಬಿಟ್ಟಿತು. ತಂತ್ರಾಂಶದ ಬಳಕೆ ಏರುತ್ತಲೇ ಇದ್ದರೂ ಉತ್ತರವನ್ನು ಎಐ ಕೊಡುವುದರಿಂದ ಅದರ ದಾಖಲೆ ಪುಟಗಳಿಗೆ ಬರುವವರು ಕಡಿಮೆಯಾದರು, ಆ ಪುಟಗಳ ಮೂಲಕವೇ ನಡೆಯುತ್ತಿದ್ದ ಮಾರಾಟ ಬಿತ್ತು. ಅದೇ ತಿಂಗಳು, ಅಂತರ್ಜಾಲದಲ್ಲಿ ಮಾಹಿತಿ ಸಾಗಿಸುವ ಉಪಕರಣವಾದ ಕರ್ಲ್ ಯೋಜನೆಯ ಡೇನಿಯಲ್ ಸ್ಟೆನ್‌ಬರ್ಗ್, ಭದ್ರತಾ ದೋಷ ಹುಡುಕಿಕೊಟ್ಟವರಿಗೆ ಕೊಡುತ್ತಿದ್ದ ಬಹುಮಾನವನ್ನೇ ನಿಲ್ಲಿಸುವುದಾಗಿ ಹೇಳಿದರು. ಎಐ ಬರೆದ, ನೋಡಲು ಗಂಭೀರವಾದ, ಒಳಗೆ ಟೊಳ್ಳಾದ ವರದಿಗಳನ್ನು ಓದಿ ಓದಿ ತಂಡ ಬೇಸತ್ತಿತ್ತು. ಟಿ-ಶರ್ಟಿನ ಪ್ರಕರಣ ಈ ಸಲ ಯಂತ್ರವೇಗದಲ್ಲಿ ನಡೆಯಿತು.

ಆದರೆ ಕಾರಣ-ಪರಿಣಾಮವನ್ನು ಸರಿಯಾಗಿ ಜೋಡಿಸಿ ನೋಡಬೇಕು. ಅಗ್ಗವಾಗಿರುವುದು ಕೋಡ್ ಟೈಪ್ ಮಾಡುವ ಕೆಲಸ. ಯಾವುದನ್ನು ಸೇರಿಸಬಾರದು ಎಂಬ ವಿವೇಚನೆ, ಐದು ವರ್ಷದ ಹಿಂದಿನ ಬಳಕೆದಾರರಿಗೆ ತೊಂದರೆಯಾಗದಂತೆ ಬದಲಾಯಿಸುವ ಜಾಣ್ಮೆ, ಸಿಟ್ಟಿನ ದೂರಿಗೆ ಸಮಾಧಾನದ ಉತ್ತರ ಅಗ್ಗವಾಗಿಲ್ಲ, ದುಬಾರಿಯಾಗಿವೆ. ಸಂದರ್ಶನಕ್ಕೆ ಬಂದ ಅಭ್ಯರ್ಥಿ ತೋರಿಸುವ ಕೋಡ್ ಅವರೇ ಬರೆದದ್ದೋ ಎಐ ಬರೆದದ್ದೋ ಎಂದು ಹೇಳುವುದು ಇಂದು ಕಷ್ಟ. ಒಂದು ಯೋಜನೆಯನ್ನು ಎರಡು ವರ್ಷ ನೋಡಿಕೊಂಡ ಚರಿತ್ರೆ, ಅಲ್ಲಿನ ಚರ್ಚೆ, ತಪ್ಪೊಪ್ಪಿಗೆ, ತಿದ್ದುಪಡಿಗಳೊಂದಿಗೆ ಎಲ್ಲರ ಮುಂದಿರುತ್ತದೆ. ಅದನ್ನು ಒಂದು ರಾತ್ರಿಯಲ್ಲಿ ಸೃಷ್ಟಿಸಲಾಗದು. ಕಂಪನಿಯೊಳಗೆ ಹತ್ತು ವರ್ಷ ದುಡಿದವರಿಗೂ ಕೆಲಸ ಬಿಡುವ ದಿನ ಲ್ಯಾಪ್‌ಟಾಪಿನ ಜತೆ ಅಷ್ಟೂ ಕೋಡ್ ಒಪ್ಪಿಸಿ ಬರಬೇಕಾಗುತ್ತದೆ, ತೋರಿಸಲು ಉಳಿಯುವುದು ಹುದ್ದೆಯ ಹೆಸರು ಮಾತ್ರ. ಕೆಲಸ ಕಡಿತದ ಸುದ್ದಿ ತಿಂಗಳಿಗೊಂದು ಬರುವ ಊರಿನಲ್ಲಿ ಇದು ಸಣ್ಣ ವಿಚಾರವಲ್ಲ.

ಅರ್ಕಾವೊತ್ತು ಮತ್ತು ಗುಂಟೆ

ಹಾಗಾದರೆ ಏನು ಬರೆಯಬೇಕು? ಇನ್ನೊಂದು ಟು-ಡೂ ಆ್ಯಪ್ ಯಾರಿಗೂ ಬೇಡ. ಬೇರೆಯವರು ಬರೆಯಲಾರದ್ದು, ನಮಗೆ ದಿನವೂ ಎದುರಾಗುವುದು ಬೇಕು.

‘ಕರ್ನಾಟಕ’ ಎಂದು ಟೈಪ್ ಮಾಡುವಾಗ ಮೊದಲು ರ ಒತ್ತುತ್ತೇವೆ, ಆಮೇಲೆ ನ. ತೆರೆಯ ಮೇಲೆ ಮಾತ್ರ ಅರ್ಕಾವೊತ್ತು ‘ನಾ’ದ ನಂತರ ಕೂರುತ್ತದೆ. ಈ ಸ್ಥಾನಪಲ್ಲಟ ಮಾಡುವುದು ಆ್ಯಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್‌ಗಳೊಳಗೆ ಕೂತಿರುವ ಹಾರ್ಫ್‌ಬಝ್ ಎಂಬ ಓಪನ್ ಸೋರ್ಸ್ ತಂತ್ರಾಂಶ. ಅದು ತೆರೆದಿರುವುದರಿಂದ ಕನ್ನಡದ ಒತ್ತಕ್ಷರ ತಪ್ಪಾಗಿ ಮೂಡಿದರೆ ಬೆಂಗಳೂರಿನ ಯಾರಾದರೂ ತಿದ್ದುಪಡಿ ಕಳಿಸಬಹುದು, ಕಂಪನಿಯೊಂದರ ದಯೆಗೆ ಕಾಯಬೇಕಿಲ್ಲ.

ಅಲರ್ ನಿಘಂಟು ಇನ್ನೊಂದು ಉದಾಹರಣೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕಟ್ಟಿದ ಒಂದೂವರೆ ಲಕ್ಷ ಪದಗಳ ಕನ್ನಡ-ಇಂಗ್ಲಿಷ್ ಕೋಶ 2019ರಲ್ಲಿ ಮುಕ್ತ ಲೈಸೆನ್ಸಿನಡಿ ಜಾಲಕ್ಕೆ ಬಂತು. ಅದನ್ನು ಓಡಿಸುವ ತಂತ್ರಾಂಶ ಬರೆದ ಕೈಲಾಶ್ ನಾಧ್ ಅದಕ್ಕೆ ಮೊದಲು ಓಳಂ ಎಂಬ ಮಲಯಾಳಂ ನಿಘಂಟು ಮಾಡಿದ್ದವರು. ನಿಘಂಟು ನಡೆಸುವ ಆ ಕೋಡೂ ತೆರೆದಿದೆ, ತುಳುವಿಗೋ ಕೊಡವಕ್ಕೋ ಪದಕೋಶ ಮಾಡಹೊರಟವರು ಸೊನ್ನೆಯಿಂದ ಶುರುಮಾಡಬೇಕಿಲ್ಲ.

ಇನ್ನೂ ಚಿಕ್ಕದು ಬೇಕೆಂದರೆ ಪಹಣಿ ನೋಡಿ. 2 ಎಕರೆ 39 ಗುಂಟೆಯನ್ನು 2-39 ಎಂದು ಬರೆಯುವುದು ವಾಡಿಕೆ. 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ. ಇದನ್ನರಿಯದ ಡೆವಲಪರ್ 2.39 ಎಂದು ದಶಮಾಂಶದಲ್ಲಿ ಇಟ್ಟು 2 ಗುಂಟೆ ಕೂಡಿಸಿದರೆ 2.41 ಬರುತ್ತದೆ. ಸರಿಯಾದ ಉತ್ತರ 3 ಎಕರೆ 1 ಗುಂಟೆ. ಕೃಷಿ ಸಾಲ, ಬೆಳೆ ವಿಮೆ, ಜಮೀನು ವ್ಯವಹಾರದ ಆ್ಯಪ್ ಮಾಡುವ ಪ್ರತಿ ತಂಡವೂ ಈ ಗುಂಡಿಗೆ ಒಂದು ಸಲ ಬೀಳಬೇಕೇ? ಇನ್ನೂರು ಸಾಲಿನ ಒಂದು ಲೈಬ್ರರಿ, ಸರಿಯಾದ ಪರೀಕ್ಷೆಗಳು, ಕನ್ನಡದಲ್ಲೊಂದು ವಿವರಣೆ ಪುಟ, ಇಷ್ಟಿದ್ದರೆ ಸಾಕು. ‘ಲಕ್ಷ್ಮಿ’ಯ ಹಲವು ಇಂಗ್ಲಿಷ್ ಕಾಗುಣಿತಗಳನ್ನು ಹೊಂದಿಸುವುದು, ನುಡಿ-ಬರಹಗಳ ಹಳೆಯ ಎನ್‌ಕೋಡಿಂಗಿನ ಕಡತಗಳನ್ನು ಯೂನಿಕೋಡಿಗೆ ತರುವ ಪರಿವರ್ತಕಗಳನ್ನು ಸುಧಾರಿಸುವುದು ಇದೇ ಜಾತಿಯ ಕೆಲಸ. ಕ್ಯಾಲಿಫೋರ್ನಿಯಾದಲ್ಲಿ ಕೂತವರಿಗೆ ಇಂಥ ಸಮಸ್ಯೆ ಇದೆ ಎಂಬುದೇ ಗೊತ್ತಾಗುವುದಿಲ್ಲ.

ಮುಂದೆ ಬರುವುದು

ಇಷ್ಟು ದಿನ ಇದು ಆಸಕ್ತಿಯ ಮಾತಾಗಿತ್ತು, ಇನ್ನು ನಿಯಮದ ಮಾತಾಗುತ್ತಿದೆ. ತಂತ್ರಾಂಶದೊಳಗೆ ಯಾವ ಯಾವ ಬಿಡಿಭಾಗಗಳಿವೆ ಎಂಬ ಪಟ್ಟಿ, ಅಂದರೆ ಎಸ್‌ಬಾಮ್, ಹೇಗಿರಬೇಕೆಂದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2024ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು. ಪಟ್ಟಿ ಮಾಡಲು ಕೂತಾಗಲೇ ಅನೇಕ ಕಂಪನಿಗಳಿಗೆ ತಾವು ಯಾವ ಅಪರಿಚಿತರ ಮೇಲೆ ನಿಂತಿದ್ದೇವೆ ಎಂಬುದು ಕಾಣುತ್ತದೆ.

ಐರೋಪ್ಯ ಒಕ್ಕೂಟದ ಸೈಬರ್ ರೆಸಿಲಿಯನ್ಸ್ ಕಾಯ್ದೆ ಇದಕ್ಕಿಂತ ಒಂದು ಹೆಜ್ಜೆ ಮುಂದೆ. 2024ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಇದು ವ್ಯಾಪಾರದ ಉದ್ದೇಶವಿಲ್ಲದೆ ಕೋಡ್ ಹಂಚುವವರ ಮೇಲೆ ಹೊಣೆ ಹೊರಿಸುವುದಿಲ್ಲ, ಅದನ್ನು ಬಳಸಿ ಉತ್ಪನ್ನ ಮಾರುವವರ ಮೇಲೆ ಹೊರಿಸುತ್ತದೆ. ದಾಳಿಗೆ ಬಳಕೆಯಾಗುತ್ತಿರುವ ದೋಷ ತಿಳಿದ 24 ಗಂಟೆಯೊಳಗೆ ಮೊದಲ ಮಾಹಿತಿ ಕೊಡಬೇಕೆಂಬ ನಿಯಮ 2026ರ ಸೆಪ್ಟೆಂಬರ್ 11ರಿಂದ, ಉಳಿದ ಮುಖ್ಯ ಹೊಣೆಗಳು 2027ರ ಡಿಸೆಂಬರ್ 11ರಿಂದ. ಬಳಸಿದ ಓಪನ್ ಸೋರ್ಸ್ ಭಾಗದಲ್ಲಿ ದೋಷ ಕಂಡರೆ ಅದರ ಮೇಂಟೇನರ್‌ಗೆ ತಿಳಿಸಬೇಕು, ತಿದ್ದುಪಡಿ ಮಾಡಿಕೊಂಡಿದ್ದರೆ ಆ ಕೋಡನ್ನೂ ಹಂಚಬೇಕು ಎನ್ನುತ್ತದೆ ಅದರ 13ನೇ ವಿಧಿ.

ಯುರೋಪಿಗೆ ಉತ್ಪನ್ನ ಮಾರುವ, ಯುರೋಪಿನ ಕಂಪನಿಗಳಿಗಾಗಿ ಉತ್ಪನ್ನ ಕಟ್ಟುವ ಬೆಂಗಳೂರಿನ ಕಚೇರಿಗಳಿಗೆ ಇದರ ಬಿಸಿ ನೇರವಾಗಿ ತಟ್ಟುತ್ತದೆ. ತಮ್ಮ ಪ್ರತಿಯಲ್ಲಿ ತಿದ್ದಿಕೊಂಡು ಸುಮ್ಮನಿರುವ ಹಳೆಯ ರೂಢಿಗೆ ಅಲ್ಲಿ ಜಾಗವಿಲ್ಲ. ಪ್ಯಾಚ್ ಬರೆಯಬಲ್ಲವರು ಇಲ್ಲಿ ಬೇಕಾದಷ್ಟಿದ್ದಾರೆ. ಕಳಿಸಿದ ಪ್ಯಾಚನ್ನು ಆಚೆ ಕಡೆಯ ಮೇಂಟೇನರ್ ಹೆಸರು ನೋಡಿ ಗುರುತಿಸುವಂಥವರು ಪ್ರತಿ ತಂಡದಲ್ಲಿ ಒಬ್ಬರಾದರೂ ಇದ್ದಾರೆಯೇ ಎಂದು ಮ್ಯಾನೇಜರ್‌ಗಳು ಈಗಿನಿಂದಲೇ ಹುಡುಕಿಕೊಳ್ಳಬೇಕಿದೆ, ಸೆಪ್ಟೆಂಬರ್ ದೂರವಿಲ್ಲ.